ಹಿಮದ ಶಾಸನವನ್ನು ಓದಿದವರು

1984ನೆಯ ಇಸವಿ ಸೋವಿಯತ್ ಒಕ್ಕೂಟಕ್ಕೂ ಅಮೆರಿಕಕ್ಕೂ ಎಣ್ಣೆ-ಸೀಗೆಕಾಯಿಯ ಸಂಬಂಧವಿದ್ದ ಕಾಲ. ಹಿಂದಿನ ವರ್ಷದ ಸೆಪ್ಟೆಂಬರಿನಲ್ಲಿ ಸೋವಿಯತ್ ಯುದ್ಧವಿಮಾನವೊಂದು ಕೊರಿಯದ ಪ್ರಯಾಣಿಕರ ವಿಮಾನವನ್ನು ಹೊಡೆದುರುಳಿಸಿ 269 ಜನ ಸತ್ತಿದ್ದರು. ಲಾಸ್ ಏಂಜಲೀಸಿನ ಒಲಿಂಪಿಕ್ ಕ್ರೀಡೆಗಳಿಗೆ ರಷ್ಯನ್ನರು ಹೋಗಲಿಲ್ಲ. ಅದಕ್ಕೆ ನಾಲ್ಕು ವರ್ಷ ಮೊದಲು ಮಾಸ್ಕೋ ಕ್ರೀಡೆಗಳಿಗೆ ಅಮೆರಿಕನ್ನರು ಹೋಗಿರಲಿಲ್ಲ. ಯೂರೋಪಿನ ನೆಲದ ಮೇಲೆ ಎರಡು ಕಡೆಯವರೂ ಅಣ್ವಸ್ತ್ರದ ಕ್ಷಿಪಣಿಗಳನ್ನು ಎದುರುಬದುರಾಗಿ ನಿಲ್ಲಿಸಿಕೊಂಡಿದ್ದರು. ಇಂಥ ಕಾಲದಲ್ಲಿ, ಅಂಟಾರ್ಕ್ಟಿಕದ 1984-85ರ ಬೇಸಿಗೆಯಲ್ಲಿ, ಅಮೆರಿಕದ ಹರ್ಕ್ಯುಲಿಸ್ ವಿಮಾನವೊಂದು ಆ ಹಿಮಖಂಡದ ನಡುವೆ ಇರುವ ವೊಸ್ತೋಕ್ ಎಂಬ ಸೋವಿಯತ್ ನೆಲೆಯಲ್ಲಿ ಇಳಿಯಿತು. ಅದರೊಳಗಿಂದ ಇಳಿದವರು ಫ್ರೆಂಚರು. ಅವರು ಬಂದದ್ದು ಮಂಜುಗಡ್ಡೆಯನ್ನು ಕೊಂಡೊಯ್ಯುವುದಕ್ಕೆ.

ಭೂಮಂಡಲ ಕಾಯುತ್ತಿದೆ, ನಾವು ಉರಿಸುವ ಕಲ್ಲಿದ್ದಲು ಎಣ್ಣೆಗಳೇ ಅದಕ್ಕೆ ಕಾರಣ ಎಂಬ ಮಾತನ್ನು ಈಗ ಶಾಲೆಯ ಮಕ್ಕಳೂ ಆಡುತ್ತಾರೆ. ಆ ಮಾತಿಗೆ ಆಧಾರವಾಗಿರುವ ಸಾಕ್ಷ್ಯಗಳಲ್ಲಿ ಬಹು ಮುಖ್ಯವಾದದ್ದೊಂದು ಆ ಮಂಜುಗಡ್ಡೆಯಿಂದ ದೊರೆಯಿತು. ಯಾವ ಒಂದು ದೇಶವೂ ಒಂಟಿಯಾಗಿ ಅದನ್ನು ದೊರಕಿಸಿಕೊಳ್ಳುವಂತಿರಲಿಲ್ಲ. ಮಂಜನ್ನು ಕೊರೆದು ತೆಗೆದವರು ರಷ್ಯನ್ನರು, ಓದಬಲ್ಲವರು ಫ್ರೆಂಚರು, ಹೊತ್ತು ತರಲು ವಿಮಾನವಿದ್ದದ್ದು ಅಮೆರಿಕನ್ನರ ಬಳಿ. ಶಾಸನಗಳ ಕೆಲಸ ಮಾಡಿದವರಿಗೆ ಈ ಪೇಚು ಹೊಸದಲ್ಲ. ಕಲ್ಲು ಎಲ್ಲೋ ಒಂದು ಹಳ್ಳಿಯ ಗದ್ದೆಯ ಬದುವಿನಲ್ಲಿ ಬಿದ್ದಿರುತ್ತದೆ. ಆ ಊರಿನವರಿಗೆ ಅದರ ಲಿಪಿ ಬಾರದು. ಲಿಪಿ ಬಲ್ಲವನಿಗೆ ಕಲ್ಲಿರುವ ಜಾಗ ತಿಳಿಯದು. ತಿಳಿದರೂ ಅಲ್ಲಿಗೆ ಹೋಗಲು ಗಾಡಿಯಿರುವುದಿಲ್ಲ. ಈ ಮೂವರು ಒಂದೆಡೆ ಕೂಡುವತನಕ ಕಲ್ಲು ಮೂಕವಾಗಿಯೇ ಇರುತ್ತದೆ.

ಇವರು ಕೂಡಿದ್ದು ಹೇಗೆಂದು ತಿಳಿಯಬೇಕಾದರೆ 1957ಕ್ಕೆ ಹೋಗಬೇಕು. ಆ ವರ್ಷದ ಜುಲೈ 1ರಿಂದ 1958ರ ಡಿಸೆಂಬರ್ 31ರವರೆಗಿನ ಹದಿನೆಂಟು ತಿಂಗಳನ್ನು ‘ಅಂತರರಾಷ್ಟ್ರೀಯ ಭೂಭೌತ ವರ್ಷ’ವೆಂದು ಆಚರಿಸಲಾಯಿತು. ಅರವತ್ತಕ್ಕೂ ಹೆಚ್ಚು ದೇಶಗಳ ವಿಜ್ಞಾನಿಗಳು ಭೂಮಿ, ಸಮುದ್ರ, ವಾಯುಮಂಡಲಗಳನ್ನು ಏಕಕಾಲದಲ್ಲಿ ಅಳೆಯಲು ಒಪ್ಪಿದರು. ಹದಿನೆಂಟು ತಿಂಗಳಿಗೆ ‘ವರ್ಷ’ವೆಂದು ಹೆಸರಿಟ್ಟದ್ದನ್ನು ನಮ್ಮ ಪಂಚಾಂಗದವರು ಒಪ್ಪುತ್ತಿದ್ದರೋ ಇಲ್ಲವೋ! ಆದರೆ ಆ ಅವಧಿಯಲ್ಲಿ ನಟ್ಟ ಬೀಜಗಳು ಅನೇಕ. ಸ್ಪುಟ್ನಿಕ್ ಹಾರಿದ್ದು ಆಗಲೇ. ಚಾರ್ಲ್ಸ್ ಕೀಲಿಂಗ್ ಎಂಬ ತರುಣ 1958ರ ಮಾರ್ಚಿನಲ್ಲಿ ಹವಾಯಿ ದ್ವೀಪದ ಮೌನಾ ಲೋವಾ ಪರ್ವತದ ಮೇಲೆ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು (ನಮ್ಮ ಹಳೆಯ ಪಠ್ಯಪುಸ್ತಕಗಳು ಅದನ್ನು ಇಂಗಾಲಾಮ್ಲವೆಂದು ಕರೆಯುತ್ತಿದ್ದವು) ಅಳೆಯತೊಡಗಿದ್ದೂ ಆಗಲೇ. ಆಗ ಹತ್ತು ಲಕ್ಷ ಪಾಲು ಗಾಳಿಯಲ್ಲಿ ಅದು ಸುಮಾರು 315 ಪಾಲು ಇತ್ತು.

ಅಂಟಾರ್ಕ್ಟಿಕದಲ್ಲಿ ಹನ್ನೆರಡು ದೇಶಗಳು ನೆಲೆಗಳನ್ನು ಹೂಡಿದವು. ಆ ನೆಲಕ್ಕಾಗಿ ಮೊದಲಿನಿಂದಲೂ ಜಗಳವಿತ್ತು. ಬ್ರಿಟನ್, ಅರ್ಜೆಂಟೀನ, ಚಿಲಿ ದೇಶಗಳು ಒಂದೇ ತುಂಡನ್ನು ತಮ್ಮ ತಮ್ಮದೆನ್ನುತ್ತಿದ್ದವು. ಆ ಖಂಡ ಶಾಂತಿಯ ಕೆಲಸಕ್ಕಷ್ಟೇ ಮೀಸಲಾಗಬೇಕೆಂದು 1956ರಲ್ಲಿಯೂ 1958ರಲ್ಲಿಯೂ ಆ ಪ್ರಶ್ನೆಯನ್ನು ವಿಶ್ವಸಂಸ್ಥೆಯ ಮುಂದಿಡಲು ಯತ್ನಿಸಿದ ದೇಶ ಭಾರತ. ಹಕ್ಕುದಾರ ದೇಶಗಳಿಗೆ ಅದು ರುಚಿಸಲಿಲ್ಲ. ನಮ್ಮವರು ಪ್ರಸ್ತಾಪವನ್ನು ಹಿಂದಕ್ಕೆ ತೆಗೆದುಕೊಂಡರು. ಕೊನೆಗೆ ಆ ಹನ್ನೆರಡು ದೇಶಗಳೇ 1959ರ ಡಿಸೆಂಬರ್ 1ರಂದು ವಾಷಿಂಗ್ಟನ್ನಿನಲ್ಲಿ ಒಪ್ಪಂದಕ್ಕೆ ರುಜು ಹಾಕಿದವು. ಸೈನಿಕ ಚಟುವಟಿಕೆ ಕೂಡದು, ಅಣುಸ್ಫೋಟ ಕೂಡದು, ವಿಜ್ಞಾನಿಗಳನ್ನೂ ಫಲಿತಾಂಶಗಳನ್ನೂ ಪರಸ್ಪರ ಬದಲಾಯಿಸಿಕೊಳ್ಳಬೇಕು ಎಂಬುದು ಅದರ ತಿರುಳು. ಇದನ್ನು ಬರಿಯ ಔದಾರ್ಯವೆಂದು ಹೊಗಳಲು ನನಗೆ ಮನಸ್ಸಿಲ್ಲ. ಎದುರಾಳಿ ಅಲ್ಲಿ ಏನು ಮಾಡುತ್ತಿದ್ದಾನೋ ಎಂಬ ಗುಮಾನಿಯೇ ಎರಡು ಬಲಾಢ್ಯ ದೇಶಗಳನ್ನು ಒಪ್ಪಂದಕ್ಕೆ ತಂದಿರಬೇಕು. ಒಬ್ಬರ ನೆಲೆಯನ್ನು ಇನ್ನೊಬ್ಬರು ಬಂದು ತಪಾಸಣೆ ಮಾಡಬಹುದೆಂಬ ಷರತ್ತೂ ಅದರಲ್ಲಿದೆ. ಹುಟ್ಟು ಹೇಗಾದರೂ ಇರಲಿ, ಇಪ್ಪತ್ತೈದು ವರ್ಷಗಳ ಮೇಲೆ ಆ ವಿಮಾನ ವೊಸ್ತೋಕಿನಲ್ಲಿ ಇಳಿಯಲು ಸಾಧ್ಯವಾದದ್ದು ಆ ಕಾಗದದಿಂದ.

ಇನ್ನು ಮಂಜಿನ ಲಿಪಿಯ ವಿಷಯ. ಅದನ್ನು ಮೊದಲು ಗುರುತಿಸಿದವರು ಡೆನ್ಮಾರ್ಕಿನ ವಿಲ್ಲಿ ಡಾನ್ಸ್‌ಗಾರ್ಡ್. 1952ರ ಜೂನಿನಲ್ಲಿ ಕೋಪನ್‌ಹೇಗನ್ನಿನ ತಮ್ಮ ಮನೆಯ ಹುಲ್ಲಿನ ಮೇಲೆ ಖಾಲಿ ಬಿಯರ್ ಸೀಸೆಗೊಂದು ಆಲಿಕೆಯಿಟ್ಟು ಅವರು ಮಳೆನೀರು ಹಿಡಿದರು. ನೀರಿನಲ್ಲಿ ಸಾಮಾನ್ಯ ಆಮ್ಲಜನಕದ ಜೊತೆಗೆ ತುಸು ಭಾರವಾದ ಆಮ್ಲಜನಕವೂ ಅತ್ಯಲ್ಪವಾಗಿ ಬೆರೆತಿರುತ್ತದೆ. ಮೋಡ ತಂಪಾದಷ್ಟೂ ಅದರಿಂದ ಬೀಳುವ ನೀರಿನಲ್ಲಿ ಈ ಭಾರದ ಪಾಲು ಕಡಿಮೆಯಾಗುತ್ತದೆಂದು ಅವರು ಕಂಡುಕೊಂಡರು. ಹಾಗಿದ್ದರೆ ಹಳೆಯ ಹಿಮದಲ್ಲಿ ಆ ಪಾಲನ್ನು ಅಳೆದು, ಅದು ಬಿದ್ದ ದಿನಗಳ ಚಳಿಯನ್ನು ಹೇಳಬಹುದಲ್ಲ! ಹಳೆಯ ಹಿಮ ದೊರೆತದ್ದು ಗ್ರೀನ್‌ಲೆಂಡಿನಲ್ಲಿ, ಅಮೆರಿಕದ ಸೈನ್ಯದವರ ‘ಕ್ಯಾಂಪ್ ಸೆಂಚುರಿ’ ಎಂಬ ನೆಲೆಯಲ್ಲಿ. ಮಂಜಿನಡಿಯಲ್ಲಿ ಸುರಂಗ ತೋಡಿ ಕ್ಷಿಪಣಿಗಳನ್ನು ಬಚ್ಚಿಡುವ ಆಲೋಚನೆ ಅವರಿಗಿತ್ತು. ನೆಲದ ಒಡೆಯನಾದ ಡೆನ್ಮಾರ್ಕಿಗೂ ಅದನ್ನು ಹೇಳಿರಲಿಲ್ಲ. ಮಂಜು ಜರುಗುತ್ತಲೇ ಇದ್ದುದರಿಂದ ಆ ಆಲೋಚನೆ ಕೈಗೂಡಲಿಲ್ಲ. ಆದರೆ ಅಲ್ಲಿನ ಎಂಜಿನಿಯರುಗಳು 1966ರಲ್ಲಿ ತಳದ ಬಂಡೆಯವರೆಗೆ, ಸುಮಾರು 1,390 ಮೀಟರು, ಕೊರೆದು ತೆಗೆದ ಮಂಜಿನ ಕಂಬ ಉಳಿಯಿತು. ಡಾನ್ಸ್‌ಗಾರ್ಡ್ ಅದನ್ನು ಕೇಳಿ ಪಡೆದು ಓದಿದರು. ಕ್ಷಿಪಣಿಗಳಿಗಾಗಿ ಕಟ್ಟಿದ ಮನೆಯಿಂದ ಹವಾಮಾನದ ಚರಿತ್ರೆ ಹೊರಬಂತು.

ಹಿಮದ ಚಳಿಯನ್ನು ಓದಿದವರು ಡೇನರಾದರೆ, ಹಿಮದೊಳಗಿನ ಗಾಳಿಯ ಬೆನ್ನುಹತ್ತಿದವರು ಫ್ರೆಂಚರು. ಕ್ಲೋದ್ ಲೋರಿಯೂಸ್ ಎಂಬ ವಿದ್ಯಾರ್ಥಿ, ಭೂಭೌತ ವರ್ಷದ ಯಾತ್ರೆಗೆ ತರುಣರು ಬೇಕಾಗಿದ್ದಾರೆಂಬ ವಿಶ್ವವಿದ್ಯಾನಿಲಯದ ಪ್ರಕಟಣೆಯೊಂದನ್ನು ನೋಡಿ ಅರ್ಜಿ ಹಾಕಿದವರು. 1957ರಲ್ಲಿ ಅವರು ಇನ್ನಿಬ್ಬರೊಡನೆ ಅಂಟಾರ್ಕ್ಟಿಕದ ಶಾರ್ಕೋ ಎಂಬ ನೆಲೆಯಲ್ಲಿ ಚಳಿಗಾಲ ಕಳೆದರು. ನೆಲೆಯೆಂದರೆ ತೀರದಿಂದ 320 ಕಿಲೋಮೀಟರು ಒಳಗೆ, ಹಿಮದಲ್ಲಿ ಹೂತುಹೋದ ಒಂದು ಪುಟ್ಟ ಗೂಡು. ಅಲ್ಲಿಂದ ಬದುಕಿ ಬಂದವರು ಮತ್ತೆ ಮತ್ತೆ ಹೋದರು. 1965ರಲ್ಲಿ, ಒಂದು ದಿನದ ಕೊರೆತ ಮುಗಿಸಿ ಸಂಜೆ ಕುಳಿತಾಗ, ಆಳದಿಂದ ತೆಗೆದ ಮಂಜಿನ ಚೂರುಗಳನ್ನು ವಿಸ್ಕಿಯ ಲೋಟಕ್ಕೆ ಹಾಕಿಕೊಂಡರಂತೆ. ಮಂಜು ಕರಗುತ್ತ ಗುಳ್ಳೆಗಳು ಚಿಟಪಟನೆ ಒಡೆದವು. ಅವು ಎಷ್ಟೋ ಸಾವಿರ ವರ್ಷಗಳ ಹಿಂದಿನ ಗಾಳಿ, ಅದನ್ನು ಹಿಡಿದು ಅಳೆಯಬೇಕು ಎಂದು ಲೋರಿಯೂಸರಿಗೆ ಹೊಳೆಯಿತು. ಇದನ್ನು ಅವರೇ ಹಲವು ಕಡೆ ಹೇಳಿಕೊಂಡಿದ್ದಾರೆ. ಡೇನರ ಬಿಯರ್ ಸೀಸೆ, ಫ್ರೆಂಚರ ವಿಸ್ಕಿಯ ಲೋಟ! ಈ ಶಾಸ್ತ್ರದ ಚರಿತ್ರೆಯನ್ನು ತರಗತಿಯಲ್ಲಿ ಹೇಳುವಾಗ ನಮ್ಮ ಮೇಷ್ಟರುಗಳು ಕೊಂಚ ತಡವರಿಸಿಯಾರು.

ಹೊಳೆದದ್ದು ಒಂದು ಸಂಜೆ. ಸಾಧಿಸಲು ಹಿಡಿದದ್ದು ಹದಿನೈದು ವರ್ಷ. ಹಿಮ ಬಿದ್ದಾಗ ಅರಳೆಯಂತೆ ಸಡಿಲವಾಗಿರುತ್ತದೆ, ಗಾಳಿ ಅದರೊಳಗೆ ಓಡಾಡುತ್ತಿರುತ್ತದೆ. ಮೇಲೆ ಮೇಲೆ ಹಿಮ ಬಿದ್ದು ಅದುಮಿದಂತೆ, ಸುಮಾರು ನೂರು ಮೀಟರು ಆಳದಲ್ಲಿ, ಸಂದುಗಳು ಮುಚ್ಚಿಕೊಂಡು ಗಾಳಿ ಗುಳ್ಳೆಗಳಾಗಿ ಸೆರೆಸಿಕ್ಕುತ್ತದೆ. ಈ ಮಂಜನ್ನು ಕರಗಿಸಿ ಗಾಳಿ ತೆಗೆದರೆ ಇಂಗಾಲದ ಡೈಆಕ್ಸೈಡು ನೀರಿನಲ್ಲಿ ಬೆರೆತು ಲೆಕ್ಕ ತಪ್ಪುತ್ತದೆ. ಕರಗಿಸದೆ, ಗಾಳಿಯಿಲ್ಲದ ಪಾತ್ರೆಯೊಳಗೆ ಪುಡಿಮಾಡಬೇಕು. ಫ್ರಾನ್ಸಿನ ಗ್ರೆನೋಬಲ್ ಮತ್ತು ಸ್ವಿಟ್ಜರ್ಲೆಂಡಿನ ಬರ್ನ್ ನಗರಗಳ ಪ್ರಯೋಗಶಾಲೆಗಳು ಈ ವಿದ್ಯೆಯನ್ನು ಸಾಧಿಸಿ, ಕಳೆದ ಹಿಮಯುಗದಲ್ಲಿ ಆ ಅನಿಲ ತೀರ ಕಡಿಮೆಯಿತ್ತೆಂದು 1980ರ ಸುಮಾರಿಗೆ ತೋರಿಸಿದವು. ಆದರೆ ಅವರ ಕೈಯಲ್ಲಿದ್ದ ಮಂಜಿನ ವಯಸ್ಸು ಹತ್ತಾರು ಸಾವಿರ ವರ್ಷ ಮಾತ್ರ. ಓಲೆಯ ಕಟ್ಟಿನ ಕೊನೆಯ ಕೆಲವು ಗರಿಗಳಷ್ಟೇ ದೊರೆತಂತೆ. ಹಿಂದಿನ ಗರಿಗಳು ರಷ್ಯನ್ನರ ವಶದಲ್ಲಿದ್ದವು.

ವೊಸ್ತೋಕ್ ಎಂದರೆ ರಷ್ಯನ್ ಭಾಷೆಯಲ್ಲಿ ಪೂರ್ವ. ಅದು ಕಡಲಿನಿಂದ ಸಾವಿರಕ್ಕೂ ಹೆಚ್ಚು ಕಿಲೋಮೀಟರು ಒಳಗಿದೆ, ಸುಮಾರು 3,490 ಮೀಟರು ಎತ್ತರದಲ್ಲಿದೆ. 1957ರ ಡಿಸೆಂಬರಿನಲ್ಲಿ ಅದನ್ನು ಸ್ಥಾಪಿಸಿದರು. ವರ್ಷದ ಸರಾಸರಿ ಉಷ್ಣಮಾನ ಸೊನ್ನೆಗಿಂತ 55 ಡಿಗ್ರಿ ಕೆಳಗೆ; 1983ರ ಜುಲೈ 21ರಂದು ಅದು ಸೊನ್ನೆಗಿಂತ 89.2 ಡಿಗ್ರಿ ಕೆಳಗಿಳಿಯಿತು. ಭೂಮಿಯ ನೆಲದ ಮೇಲಿಟ್ಟ ಉಷ್ಣಮಾಪಕ ಅದಕ್ಕಿಂತ ಕಡಿಮೆಯನ್ನು ಎಂದೂ ತೋರಿಸಿಲ್ಲ. ಇಡೀ ವರ್ಷ ಬೀಳುವ ಹಿಮವನ್ನು ಕರಗಿಸಿದರೆ ಎರಡು ಸೆಂಟಿಮೀಟರಿನಷ್ಟು ನೀರು. ಮರುಭೂಮಿಯೇ ಸರಿ. ಆದರೆ ಮಳೆ ಕಡಿಮೆಯಾದಷ್ಟು ಶಾಸನಕ್ಕೆ ಒಳ್ಳೆಯದು: ಪದರಗಳು ತೆಳುವಾದ್ದರಿಂದ ಅದೇ ಆಳದಲ್ಲಿ ಹೆಚ್ಚು ವರ್ಷಗಳು ಅಡಗಿರುತ್ತವೆ.

ಲೆನಿನ್‌ಗ್ರಾಡಿನ ಗಣಿ ವಿದ್ಯಾಲಯದ ಎಂಜಿನಿಯರುಗಳು 1970ರಲ್ಲಿ ಅಲ್ಲಿ ಕೊರೆಯಲು ಆರಂಭಿಸಿದರು. ಕಾದ ಲೋಹದ ಬಳೆಯಿಂದ ಮಂಜನ್ನು ಸುತ್ತಲೂ ಕರಗಿಸಿ, ನಡುವೆ ಉಳಿದ ಕಂಬವನ್ನು ಮೇಲೆತ್ತುವ ಉಪಾಯ. ಆಳಕ್ಕೆ ಹೋದಂತೆ ಸುತ್ತಲಿನ ಒತ್ತಡ ಕೊಳವೆಯನ್ನು ಹಿಸುಕುತ್ತದೆ. ಆದ್ದರಿಂದ ಅದರೊಳಗೆ ಸೀಮೆಎಣ್ಣೆ ತುಂಬಬೇಕು. ಕೊರೆಯುವ ಯಂತ್ರ ಸಿಕ್ಕಿಬಿದ್ದರೆ ಆ ಗುಂಡಿಯನ್ನು ಬಿಟ್ಟು ಇನ್ನೊಂದನ್ನು ತೋಡಬೇಕು. ಹೀಗೆ ವರ್ಷಗಟ್ಟಲೆ ನಡೆಯಿತು. 1982ರ ಏಪ್ರಿಲ್ 12ರಂದು, ಚಳಿಗಾಲ ಕಾಲಿಡುತ್ತಿದ್ದಾಗ, ನೆಲೆಯ ಡೀಸೆಲ್ ವಿದ್ಯುದಾಗಾರಕ್ಕೆ ಬೆಂಕಿ ಬಿತ್ತು. ಒಬ್ಬ ಮೆಕ್ಯಾನಿಕ್ ಸತ್ತ. ಉಳಿದ ಇಪ್ಪತ್ತು ಜನರಿಗೆ ಬೆಳಕಿಲ್ಲ, ಕಾವಿಲ್ಲ. ಆ ಋತುವಿನಲ್ಲಿ ಯಾವ ವಿಮಾನವೂ ಅಲ್ಲಿ ಇಳಿಯಲಾರದು. ಅವರು ಕೈಗೆ ಸಿಕ್ಕಿದ ತಗಡು ಕೊಳವೆಗಳಿಂದ ಡೀಸೆಲ್ ಒಲೆಗಳನ್ನು ಮಾಡಿಕೊಂಡು, ಮೋಂಬತ್ತಿ ಎರಕಹೊಯ್ದುಕೊಂಡು, ಏಳೆಂಟು ತಿಂಗಳು ಜೀವ ಹಿಡಿದುಕೊಂಡಿದ್ದರು. ಶಾಸನ ಓದಿದ ಪಂಡಿತನ ಹೆಸರು ಪುಸ್ತಕದಲ್ಲಿ ಉಳಿಯುತ್ತದೆ, ಮಣ್ಣಿನಿಂದ ಕಲ್ಲೆತ್ತಿದ ಆಳಿನ ಹೆಸರು ಉಳಿಯುವುದಿಲ್ಲ. ಈ ಕಥೆಯಲ್ಲಿಯೂ ಹಾಗೆಯೇ ಆಗಿದೆ. ಗ್ರೆನೋಬಲ್ಲಿನ ಪ್ರಯೋಗಶಾಲೆಯನ್ನು ಹೊಗಳುವವರು ಈ ಇಪ್ಪತ್ತೊಂದು ಜನರನ್ನು ಒಂದು ಗಳಿಗೆ ನೆನೆದರೆ ತಪ್ಪಾಗಲಾರದು.

ರಷ್ಯನ್ನರ ಬಳಿ ಎರಡು ಕಿಲೋಮೀಟರಿಗೂ ಉದ್ದದ ಮಂಜಿನ ಕಂಬವಿತ್ತು. ಅದರ ಗಾಳಿಯನ್ನು ಅಳೆಯುವ ವಿದ್ಯೆ ಫ್ರೆಂಚರ ಬಳಿಯಿತ್ತು. 1969ರಿಂದಲೇ ಫ್ರಾನ್ಸ್, ಸೋವಿಯತ್ ಒಕ್ಕೂಟ, ಅಮೆರಿಕ, ಬ್ರಿಟನ್, ಆಸ್ಟ್ರೇಲಿಯ ಸೇರಿ ಪೂರ್ವ ಅಂಟಾರ್ಕ್ಟಿಕದ ಮಂಜನ್ನು ಅಭ್ಯಸಿಸುವ ಒಂದು ಯೋಜನೆ ಹಾಕಿಕೊಂಡಿದ್ದವು, ಸಭೆಗಳಲ್ಲಿ ಮುಖಪರಿಚಯವಾಗಿತ್ತು. ರಷ್ಯದ ಭೂಗೋಳಶಾಸ್ತ್ರಜ್ಞ ವ್ಲಾದಿಮಿರ್ ಕೊಟ್ಲ್ಯಾಕೊವ್ ಸಹ ಲೋರಿಯೂಸರಂತೆ ಭೂಭೌತ ವರ್ಷದಲ್ಲಿ ಅಂಟಾರ್ಕ್ಟಿಕದ ಚಳಿ ಉಂಡವರು. ಮಂತ್ರಿಗಳ ನಡುವೆ ಮಾತು ನಿಂತುಹೋದಾಗ, ಇಂಥವರ ನಡುವೆ ಕಾಗದಪತ್ರ ನಡೆದಿತ್ತು. ಅದರ ಫಲ, ಮೊದಲು ಹೇಳಿದ ಆ ಹರ್ಕ್ಯುಲಿಸ್ ವಿಮಾನ. ಮಂಜಿನ ಕಂಬವನ್ನು ಉದ್ದಕ್ಕೆ ಸೀಳಿ, ಪಾಲು ಮಾಡಿ, ಪೆಟ್ಟಿಗೆಗಳಲ್ಲಿಟ್ಟು, ಕರಗದಂತೆ ಫ್ರಾನ್ಸಿಗೆ ಸಾಗಿಸಿದರು.

1987ರ ಅಕ್ಟೋಬರ್ 1ರಂದು ಲಂಡನ್ನಿನ ‘ನೇಚರ್’ ಪತ್ರಿಕೆಯಲ್ಲಿ ಮೂರು ಪ್ರಬಂಧಗಳು ಒಟ್ಟಿಗೆ ಪ್ರಕಟವಾದವು. ಮೂರರಲ್ಲಿಯೂ ಫ್ರೆಂಚರ ಹೆಸರಿನ ಪಕ್ಕದಲ್ಲಿ ರಷ್ಯನ್ನರ ಹೆಸರು. ಒಂದು ಲಕ್ಷ ಅರವತ್ತು ಸಾವಿರ ವರ್ಷಗಳ ಚಳಿ-ಸೆಕೆಯ ಗೆರೆಯನ್ನೂ ಇಂಗಾಲದ ಡೈಆಕ್ಸೈಡಿನ ಗೆರೆಯನ್ನೂ ಒಂದರ ಕೆಳಗೊಂದು ಬರೆದಾಗ ಎರಡೂ ಜೋಡೆತ್ತುಗಳಂತೆ ಕೂಡಿ ಏರಿ ಕೂಡಿ ಇಳಿದಿದ್ದವು. ಹಿಮಯುಗದಲ್ಲಿ ಹತ್ತು ಲಕ್ಷದಲ್ಲಿ ಸುಮಾರು 200 ಪಾಲು, ಬೆಚ್ಚನೆಯ ಕಾಲದಲ್ಲಿ ಸುಮಾರು 280. ಇಲ್ಲಿ ಒಂದು ತೊಡಕನ್ನು ಬಿಡಿಸಿ ಹೇಳಬೇಕು. ಇದನ್ನೇ ಹಿಡಿದು ಎಳೆದಾಡುವವರು ಇಂದಿಗೂ ಇದ್ದಾರೆ. ಗಾಳಿ ಸೆರೆಯಾಗುವುದು ಹಿಮ ಬಿದ್ದು ಸಾವಿರಾರು ವರ್ಷಗಳಾದ ಮೇಲೆ. ಆದ್ದರಿಂದ ಒಂದೇ ತುಂಡಿನಲ್ಲಿ ಗಾಳಿಯ ವಯಸ್ಸು ಬೇರೆ, ಮಂಜಿನ ವಯಸ್ಸು ಬೇರೆ. ಯಾವ ಎತ್ತು ಮೊದಲು ಹೆಜ್ಜೆಯಿಟ್ಟಿತೆಂದು ಹೇಳುವುದು ಸುಲಭವಲ್ಲ. ಹಿಮಯುಗಗಳನ್ನು ಮೊದಲು ಕದಲಿಸುವುದು ಸೂರ್ಯನ ಸುತ್ತ ಭೂಮಿಯ ನಡಿಗೆಯಲ್ಲಾಗುವ ನಿಧಾನವಾದ ಬದಲಾವಣೆ. ಸರ್ಬಿಯದ ಮಿಲಾಂಕೊವಿಚ್ ಮೊದಲ ಮಹಾಯುದ್ಧದಲ್ಲಿ ಸೆರೆಸಿಕ್ಕಿ ಬುಡಾಪೆಸ್ಟಿನಲ್ಲಿ ಕುಳಿತು ಇದರ ಗಣಿತವನ್ನು ಬೆಳೆಸಿದ್ದರು. ಆದರೆ ಆ ಸಣ್ಣ ತಳ್ಳಿಗೆಯಿಂದ ಅಷ್ಟು ದೊಡ್ಡ ಏರಿಳಿತ ಆಗಲಾರದು. ತುಸು ಕಾವೇರಿದರೆ ಕಡಲು ಇಂಗಾಲದ ಡೈಆಕ್ಸೈಡನ್ನು ಬಿಡುತ್ತದೆ, ಅದು ಕಾವನ್ನು ಇನ್ನೂ ಹೆಚ್ಚಿಸುತ್ತದೆ. ಮನೆಗೆ ಕಿಡಿ ತಗುಲಿಸಿದವನು ಬೇರೆಯಾದ ಮಾತ್ರಕ್ಕೆ ಸೌದೆಯ ರಾಶಿ ಉರಿಯಲಿಲ್ಲವೆಂದು ಯಾರೂ ಹೇಳುವುದಿಲ್ಲ. ಈಗಲಾದರೋ ಕಿಡಿ ಸೌದೆ ಎರಡನ್ನೂ ನಾವೇ ಒದಗಿಸುತ್ತಿದ್ದೇವೆ.

ಮರುವರ್ಷ, 1988ರಲ್ಲಿ, ವಿಶ್ವಸಂಸ್ಥೆಯ ಆಶ್ರಯದಲ್ಲಿ ಹವಾಮಾನ ಬದಲಾವಣೆಯನ್ನು ಕುರಿತ ಅಂತರಸರ್ಕಾರಿ ಸಮಿತಿ ಹುಟ್ಟಿತು. 1990ರ ಅದರ ಮೊದಲ ವರದಿಯಲ್ಲಿ ವೊಸ್ತೋಕಿನ ಗೆರೆಗಳು ಸ್ಥಾನ ಪಡೆದವು. 1991ರಲ್ಲಿ ಸೋವಿಯತ್ ಒಕ್ಕೂಟವೇ ಇಲ್ಲವಾಯಿತು. ಆದರೂ ಕೊರೆತ ಕುಂಟುತ್ತ ಸಾಗಿ 1998ರ ಜನವರಿಯಲ್ಲಿ 3,623 ಮೀಟರು ಮುಟ್ಟಿತು. ಮುಂದಿನ ವರ್ಷ ಪ್ರಕಟವಾದ ಪ್ರಬಂಧಕ್ಕೆ ಫ್ರಾನ್ಸ್, ರಷ್ಯ, ಅಮೆರಿಕ ಮೂರೂ ದೇಶಗಳವರು ಸಹಿ ಹಾಕಿದರು. ನಾಲ್ಕು ಲಕ್ಷ ಇಪ್ಪತ್ತು ಸಾವಿರ ವರ್ಷಗಳ ಲೆಕ್ಕ ಸಿಕ್ಕಿತು. ಆಮೇಲೆ ಯೂರೋಪಿನ ಹತ್ತು ದೇಶಗಳು ಕೂಡಿ ‘ಡೋಮ್ ಸಿ’ ಎಂಬಲ್ಲಿ ಕೊರೆದು ಅದನ್ನು ಎಂಟು ಲಕ್ಷ ವರ್ಷಗಳಿಗೆ ಒಯ್ದವು. ಅಷ್ಟು ಕಾಲದಲ್ಲಿ ಒಮ್ಮೆಯೂ ಆ ಅನಿಲ 300 ಪಾಲನ್ನು ಗಣನೀಯವಾಗಿ ಮೀರಿರಲಿಲ್ಲ. ಕೀಲಿಂಗರು ಅಳತೆ ಆರಂಭಿಸಿದ ಆ ಪರ್ವತದ ಮೇಲೆ 2024ರಲ್ಲಿ ಅದು 420ನ್ನು ದಾಟಿತ್ತು.

ಈ ಕಥೆಯಲ್ಲಿ ಒಂದು ವಿಪರ್ಯಾಸವಿದೆ. ಉರುವಲಿನ ಹೊಗೆಯ ಮೇಲೆ ಸಾಕ್ಷ್ಯ ಹೇಳಿದ ಆ ಮಂಜನ್ನು ಹೊರತೆಗೆದದ್ದು ಡೀಸೆಲ್ ಉರಿಸಿ. ಕೊರೆದ ಗುಂಡಿಯ ತುಂಬ ಸೀಮೆಎಣ್ಣೆ. ಬೇರೆ ದಾರಿ ಹುಡುಕಲಿಲ್ಲವೆಂದಲ್ಲ. ಅಮೆರಿಕನ್ನರು 1962ರಲ್ಲಿ ತಮ್ಮ ಮೆಕ್‌ಮರ್ಡೊ ನೆಲೆಯಲ್ಲಿ ಅಣುಶಕ್ತಿಯ ಸ್ಥಾವರವೊಂದನ್ನೇ ನಡೆಸತೊಡಗಿದ್ದರು. ಅದು ಪದೇ ಪದೇ ಕೆಟ್ಟು 1972ರಲ್ಲಿ ನಿಂತಿತು. ಕಿರಣದೂಷಿತವಾದ ಸುತ್ತಲಿನ ಮಣ್ಣನ್ನು ಹಡಗಿಗೆ ತುಂಬಿ ತಮ್ಮ ದೇಶಕ್ಕೆ ಹೊತ್ತುಕೊಂಡು ಹೋಗಬೇಕಾಯಿತು. 2009ರಲ್ಲಿ ಬೆಲ್ಜಿಯಮ್ಮಿನವರು ಗಾಳಿ ಬಿಸಿಲುಗಳಿಂದಲೇ ನಡೆಯುವ ನೆಲೆಯೊಂದನ್ನು ಕಟ್ಟಿದರು. 2010ರಲ್ಲಿ ನ್ಯೂಜಿಲೆಂಡಿನವರು ಜರ್ಮನಿಯ ಮೂರು ಗಾಳಿಯಂತ್ರಗಳನ್ನು ನಿಲ್ಲಿಸಿ, ತಮ್ಮ ನೆಲೆಗೂ ನೆರೆಯ ಅಮೆರಿಕನ್ನರ ನೆಲೆಗೂ ಒಂದೇ ತಂತಿಯಲ್ಲಿ ವಿದ್ಯುತ್ತು ಹರಿಸಿದರು.

ಲೋರಿಯೂಸರಿಗೆ 2008ರಲ್ಲಿ ಜಪಾನಿನ ‘ಬ್ಲೂ ಪ್ಲಾನೆಟ್’ ಬಹುಮಾನ ಬಂತು. ಅವರು 2023ರಲ್ಲಿ, ತೊಂಬತ್ತೊಂದನೆಯ ವಯಸ್ಸಿನಲ್ಲಿ, ತೀರಿಕೊಂಡರು. 2008ರಲ್ಲಿ ಅದೇ ಬಹುಮಾನ ಪಡೆದ ಇನ್ನೊಬ್ಬರು ಬ್ರೆಜಿಲಿನ ಜೋಸೆ ಗೋಲ್ಡೆಂಬರ್ಗ್. ಉರುವಲು ಮಾಡಿದ್ದೇನೆಂದು ಒಬ್ಬರು ಓದಿದರೆ, ಹೆಚ್ಚು ಉರಿಸದೆ ಬಾಳುವುದು ಹೇಗೆಂದು ಇನ್ನೊಬ್ಬರು ಲೆಕ್ಕ ಹಾಕಿದವರು. ಗೋಲ್ಡೆಂಬರ್ಗರ ಲೆಕ್ಕವೂ ಒಂಟಿಯಾಗಿ ಹಾಕಿದ್ದಲ್ಲ. ಸ್ವೀಡನ್ನಿನ ಥಾಮಸ್ ಯೊಹಾನ್ಸನ್, ಅಮೆರಿಕದ ರಾಬರ್ಟ್ ವಿಲಿಯಮ್ಸ್, ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ಅಮೂಲ್ಯ ರೆಡ್ಡಿ, ಇವರೊಡನೆ ಕೂಡಿ ಹಾಕಿದ್ದು. ತಲೆಗೆ ಒಂದು ಕಿಲೋವ್ಯಾಟಿನಷ್ಟು ಶಕ್ತಿಯನ್ನು ಜಾಣತನದಿಂದ ಬಳಸಿದರೆ ಬಡದೇಶಗಳವರೂ 1970ರ ದಶಕದ ಪಶ್ಚಿಮ ಯೂರೋಪಿನವರಂತೆ ಬದುಕಬಹುದೆಂದು ಈ ನಾಲ್ವರು 1985ರಲ್ಲಿ ವಾದಿಸಿದರು. 1988ರಲ್ಲಿ ಅದನ್ನು ದೊಡ್ಡ ಗ್ರಂಥವಾಗಿ ಬೆಳೆಸಿದರು.

ರೆಡ್ಡಿಯವರು ಆ ಕೂಟಕ್ಕೆ ತಂದದ್ದು ಪುಸ್ತಕದ ವಿದ್ಯೆಯನ್ನಷ್ಟೇ ಅಲ್ಲ. ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಪುರ ಎಂಬ ಹಳ್ಳಿಯಲ್ಲಿ ಯಾರು ಎಷ್ಟು ಸೌದೆ ಉರಿಸುತ್ತಾರೆ, ಅದನ್ನು ತರಲು ಹೆಂಗಸರು ಮಕ್ಕಳು ಎಷ್ಟು ಹೊತ್ತು ನಡೆಯುತ್ತಾರೆ ಎಂಬುದನ್ನು ಅವರ ಬಳಗ ಮನೆಮನೆಗೆ ಹೋಗಿ ಅಳೆದಿತ್ತು. ಊರಿಗೆಲ್ಲ ಒಂದೇ ಗೋಬರ್ ಗ್ಯಾಸ್ ಸ್ಥಾವರ ಕಟ್ಟಿ ಅಡುಗೆಗೆ ಅನಿಲ ಕೊಡುವುದು ಮೊದಲ ಯೋಚನೆ. ಸಿಕ್ಕ ಸಗಣಿ ಅಷ್ಟಕ್ಕೆ ಸಾಲಲಿಲ್ಲ. ಆಗ ಊರವರೊಡನೆ ಮಾತಾಡಿ, ಆ ಅನಿಲದಿಂದ ಎಂಜಿನು ನಡೆಸಿ, ಕೊಳವೆಬಾವಿಯ ನೀರನ್ನು ನಲ್ಲಿಗಳಿಗೂ ದೀಪವನ್ನು ಮನೆಗಳಿಗೂ ಒದಗಿಸಿದರು. ಎಂಜಿನು ಅನಿಲದ ಜೊತೆಗೆ ಸ್ವಲ್ಪ ಡೀಸೆಲನ್ನೂ ಕುಡಿಯುತ್ತಿತ್ತು. ಅದನ್ನು ಪೂರ್ತಿ ಬಿಡಿಸಲಾಗಿರಲಿಲ್ಲ. ಸಗಣಿ ತಂದವರಿಗೆ ತೂಕದ ಲೆಕ್ಕದಲ್ಲಿ ಒಂದಿಷ್ಟು ಕಾಸು, ಹೊಲಕ್ಕೆ ಹಾಕಲು ಬಗ್ಗಡ. ಪುರದಲ್ಲಿ ಈ ದೀಪಗಳು ಹತ್ತಿದ್ದು 1987ರಲ್ಲಿ, ವೊಸ್ತೋಕಿನ ಮೂರು ಪ್ರಬಂಧಗಳು ಅಚ್ಚಾದ ವರ್ಷ.